ಎರಡು ಬೈಗುಳ, ಒಂದು ತಟ್ಟೆ: ಜಪಾನಿನ ಟಾರ್ಟರ್ ಸಾಸ್ ಕಥೆ

ಭಾಗ 1/8: ತಟ್ಟೆಯಲ್ಲಿ ಏನಿದೆ?

ಫೋಟೋದಲ್ಲಿರೋದು ಚಿಕನ್ ನಂಬನ್. ಕರಿದ ಕೋಳಿಯನ್ನ ಸಿಹಿ-ಹುಳಿ ವಿನೆಗರ್‌ನಲ್ಲಿ ಅದ್ದಿ, ಮೇಲೆ ದಪ್ಪಗೆ ಟಾರ್ಟರ್ ಸಾಸ್ ಹಾಕಿದ್ದಾರೆ. ಪಕ್ಕದಲ್ಲಿ ಕೂದಲಿನಷ್ಟು ಸಣ್ಣಗೆ ಹೆಚ್ಚಿದ ಎಲೆಕೋಸು, ಒಂದು ಬಟ್ಟಲು ಅನ್ನ. ಜಪಾನಿನ ದಕ್ಷಿಣಕ್ಕಿರೋ ಕ್ಯುಶು ದ್ವೀಪದ ಮಿಯಾಝಾಕಿ ಪ್ರಾಂತ್ಯದ ಹೆಮ್ಮೆಯ ಊಟ ಇದು. ಈಗ ಆ ದೇಶದ ಯಾವ ಊರಿನ ಅಂಗಡಿಗೆ ಹೋದರೂ ಊಟದ ಡಬ್ಬಿಯಲ್ಲಿ ಸಿಗುತ್ತೆ.

ಜಪಾನಿನ ಟಾರ್ಟರ್ ಸಾಸ್ ಅಂದರೆ ಮೊಟ್ಟೆ ಸಾಸ್ ಅಂತಲೇ ಅಂದ್ಕೊಳ್ಳಿ. ಬೇಯಿಸಿದ ಮೊಟ್ಟೆಯನ್ನ ಚೂರು ಚೂರಾಗಿ ಹೆಚ್ಚಿ, ಈರುಳ್ಳಿ, ಹುಳಿ ಹಾಕಿಟ್ಟ ತರಕಾರಿ, ಮೇಯೊನೇಸ್ ಸೇರಿಸಿ ಕಲಸೋದು. ಸ್ಪೂನಲ್ಲಿ ಎತ್ತಿದರೆ ಸುರಿಯಲ್ಲ, ಗಟ್ಟಿಯಾಗಿ ಬೀಳುತ್ತೆ. ಹಾಗಾಗಿ ಇದು ನಂಜಿಕೊಳ್ಳೋ ಸಾಸ್‌ಗಿಂತ ಪಲ್ಯಕ್ಕೇ ಹತ್ತಿರ.

ಈ ತಟ್ಟೆಯಲ್ಲಿ ಎರಡು ಹೆಸರುಗಳಿವೆ: "ಟಾರ್ಟರ್" ಮತ್ತು "ನಂಬನ್". ಎರಡಕ್ಕೂ ಮೂಲದಲ್ಲಿ ಹೆಚ್ಚುಕಮ್ಮಿ ಒಂದೇ ಅರ್ಥ. ನಮ್ಮವನಲ್ಲದವನು, ಹೊರಗಿನವನು, ಒರಟ, ಅನಾಗರಿಕ. ಒಂದನ್ನ ಯುರೋಪಿನವರು ಏಷ್ಯಾದವರಿಗೆ ಇಟ್ಟರು, ಇನ್ನೊಂದನ್ನ ಏಷ್ಯಾದವರು ಯುರೋಪಿನವರಿಗೆ ಇಟ್ಟರು. ಎರಡೂ ಬೈಗುಳಗಳು ಜಪಾನಿನ ಒಂದು ಸಣ್ಣ ಊರಲ್ಲಿ, ಒಂದೇ ಕೋಳಿ ತುಂಡಿನ ಮೇಲೆ ಭೇಟಿಯಾದವು.

ಹೇಗೆ ಅಂತ ಈ ಸರಣಿಯಲ್ಲಿ ನೋಡೋಣ. ಏಳನೇ ಭಾಗದಲ್ಲಿ ಮನೆಯಲ್ಲಿ ಮಾಡೋ ವಿಧಾನನೂ ಇದೆ. ಹಸಿವಾಗಿದ್ದರೆ ನೇರ ಅಲ್ಲಿಗೆ ಹೋಗಿ, ಬೈಯಲ್ಲ.

ಭಾಗ 2/8: "ಟಾರ್ಟರ್" ಯಾರು?

ಮಧ್ಯ ಏಷ್ಯಾದ ಹುಲ್ಲುಗಾವಲಿನ ಒಂದು ಜನಾಂಗದ ಹೆಸರು ತಾತಾರ್. 1241ರಲ್ಲಿ ಮಂಗೋಲ್ ಸೈನ್ಯ ಪೋಲೆಂಡ್, ಹಂಗೇರಿಗಳಿಗೆ ನುಗ್ಗಿತು. ಯುರೋಪ್ ನಡುಗಿಹೋಯ್ತು. ಆ ಸೈನ್ಯದಲ್ಲಿದ್ದ ಎಲ್ಲರನ್ನೂ ಯುರೋಪಿನವರು "ತಾತಾರರು" ಅಂತಲೇ ಕರೆದರು. ಅದರ ಮಧ್ಯೆ ಒಂದು "ರ್" ಅಕ್ಷರ ಸೇರಿ "ಟಾರ್ಟರ್" ಆಯ್ತು. ಗ್ರೀಕ್ ಪುರಾಣದ ಪಾತಾಳಕ್ಕೆ "ಟಾರ್ಟರಸ್" ಅಂತ ಹೆಸರು. ಇವರು ನರಕದಿಂದಲೇ ಎದ್ದು ಬಂದವರು ಅನ್ನೋ ಭಾವನೆ ಆ ಒಂದು ಅಕ್ಷರದಲ್ಲಿ ಕೂತುಬಿಟ್ಟಿತು.

ಸಾಸ್ ವಿಷಯಕ್ಕೆ ಬಂದರೆ, ಕುದುರೆ ಮೇಲೆ ತಿರುಗೋ ಆ ಜನಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಇದು ಹುಟ್ಟಿದ್ದು ಫ್ರಾನ್ಸಿನ ಅಡುಗೆಮನೆಯಲ್ಲಿ. ಮೊಟ್ಟೆಯ ಹಳದಿ ಭಾಗ, ಎಣ್ಣೆ, ಹುಳಿ ಮೂರನ್ನೂ ಒಡೆಯದ ಹಾಗೆ ಕಡೆಯೋ ಮೇಯೊನೇಸ್ ಕುಟುಂಬಕ್ಕೆ ಸೇರಿದ್ದು. ಖಾರ, ಚುರುಕು ರುಚಿ ಇರೋ ಅಡುಗೆಗೆ "ತಾತಾರರ ಶೈಲಿ" ಅಂತ ಹೆಸರಿಡೋದು 19ನೇ ಶತಮಾನದ ಫ್ರೆಂಚ್ ಅಡುಗೆ ಪುಸ್ತಕಗಳಲ್ಲಿ ಮಾಮೂಲಿಯಾಗಿತ್ತು.

ಒಂದು ವಿಷಯ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ. ಫ್ರೆಂಚ್ ಅಡುಗೆಯ ದೊಡ್ಡ ಗುರು ಆಗಸ್ಟ್ ಎಸ್ಕೋಫಿಯೆ 1903ರಲ್ಲಿ ತಂದ ತಮ್ಮ ಪಾಕಗ್ರಂಥದಲ್ಲಿ ಈ ಸಾಸ್‌ಗೆ ಹಸಿ ಮೊಟ್ಟೆ ಬಳಸಲ್ಲ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಹಳದಿಯನ್ನ ಅರೆದು, ಎಣ್ಣೆ, ವಿನೆಗರ್ ಸೇರಿಸಿ, ಹಸಿರು ಈರುಳ್ಳಿಯ ಜಾತಿಯ ಸೊಪ್ಪನ್ನ ಬೆರೆಸ್ತಾರೆ. ನಮ್ಮ ಕಡೆ ಮೀನಿನ ಫ್ರೈ ಜೊತೆ ಹೋಟೆಲ್‌ನಲ್ಲಿ ಕೊಡೋ ಬಿಳಿ ಸಾಸ್ ಇದೆಯಲ್ಲ, ಸೌತೆಕಾಯಿ ಉಪ್ಪಿನಕಾಯಿ ಚೂರುಗಳಿರೋದು, ಅದು ಇಂಗ್ಲೆಂಡ್-ಅಮೆರಿಕದ ದಾರಿಯಲ್ಲಿ ಬಂದದ್ದು. ಅದರಲ್ಲಿ ಬೇಯಿಸಿದ ಮೊಟ್ಟೆ ಸಾಮಾನ್ಯವಾಗಿ ಇರಲ್ಲ.

ಭಾಗ 3/8: "ನಂಬನ್" ಯಾರು?

ನಂಬನ್ ಅಂದರೆ "ದಕ್ಷಿಣದ ಅನಾಗರಿಕ". ಚೀನಾದವರು ತಮ್ಮ ನಾಲ್ಕೂ ದಿಕ್ಕಿನ ಹೊರಗಿನವರಿಗೆ ಒಂದೊಂದು ಹೀಗಳಿಕೆಯ ಹೆಸರು ಇಟ್ಟಿದ್ದರು. ಜಪಾನ್ ಅದರಲ್ಲಿ ಒಂದನ್ನ ಎತ್ಕೊಂಡು, ದಕ್ಷಿಣ ಸಮುದ್ರದ ಕಡೆಯಿಂದ ಬಂದ ಪೋರ್ಚುಗೀಸರಿಗೆ ಅಂಟಿಸಿತು. 1543ರಲ್ಲಿ ಕ್ಯುಶು ದಕ್ಷಿಣದ ತಾನೆಗಾಶಿಮ ದ್ವೀಪಕ್ಕೆ ಮೊದಲ ಪೋರ್ಚುಗೀಸರು ಬಂದಿಳಿದರು. ಅವರ ಕೈಯಲ್ಲಿ ಬಂದೂಕು ಇತ್ತು.

ಅವರು ನೇರ ಪೋರ್ಚುಗಲ್‌ನಿಂದ ಬರ್ತಿರಲಿಲ್ಲ. ಏಷ್ಯಾದಲ್ಲಿ ಅವರ ರಾಜಧಾನಿ ನಮ್ಮ ಪಕ್ಕದ ಗೋವಾ. 1510ರಿಂದ ಅದು ಅವರ ಕೈಯಲ್ಲಿತ್ತು. ಜಪಾನ್ ವ್ಯಾಪಾರದ ಹಡಗು ಗೋವಾದಿಂದ ಹೊರಟು, ಮಲಕ್ಕಾ, ಮಕಾವ್ ದಾಟಿ ನಾಗಸಾಕಿ ಸೇರ್ತಿತ್ತು. ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಕಾಗೊಶಿಮ ತಲುಪಿದ್ದೂ ಗೋವಾದಿಂದ ಹೊರಟೇ.

ಹಾಗಾಗಿ ನಮ್ಮ ಕರಾವಳಿಗೂ ಜಪಾನಿಗೂ ಕೆಲವು ಪದಗಳು ಒಂದೇ ಹಡಗಿನಲ್ಲಿ ಬಂದಿವೆ. ಬ್ರೆಡ್‌ಗೆ ಪೋರ್ಚುಗೀಸ್ ಪದವೇ ಇಲ್ಲಿ "ಪಾವ್" ಆಗಿದೆ, ಅಲ್ಲಿ "ಪಾನ್" ಆಗಿದೆ. ಅಡುಗೆಯೂ ಹಾಗೇ. ಪೋರ್ಚುಗೀಸರಿಗೆ ಮೀನು, ಮಾಂಸವನ್ನ ಹುಳಿಯಲ್ಲಿ ನೆನೆಸಿಡೋ ಅಭ್ಯಾಸ ಇತ್ತು. ಗೋವಾದಲ್ಲಿ ದ್ರಾಕ್ಷಿ ಹುಳಿ ಸಿಗದೆ ತೆಂಗಿನ ಕಳ್ಳಿನ ಹುಳಿ ಬಂತು, ಮೆಣಸಿನಕಾಯಿ ಸೇರಿತು, ವಿಂದಾಲೂ ಆಯ್ತು. ಜಪಾನಲ್ಲಿ ಅಕ್ಕಿಯ ವಿನೆಗರ್ ಬಂತು, ಕರಿದ ಮೀನಿಗೆ ಈರುಳ್ಳಿ, ಮೆಣಸಿನಕಾಯಿ ಸೇರಿತು, "ನಂಬನ್‌ಝುಕೆ" ಆಯ್ತು. ಹೆಸರಿನ ಅರ್ಥ "ಅನಾಗರಿಕರ ಹಾಗೆ ನೆನೆಸಿದ್ದು". ವಿಂದಾಲೂ ಮತ್ತು ನಂಬನ್‌ಝುಕೆ ಒಂದೇ ಹಡಗಿನ ಎರಡು ಬಂದರುಗಳಲ್ಲಿ ಬೆಳೆದ ಕಸಿನ್‌ಗಳು.

ಆದರೆ "ನಂಬನ್" ಬರೀ ತಮಾಷೆಯ ಹೆಸರಾಗಿ ಉಳೀಲಿಲ್ಲ. 1597ರ ಫೆಬ್ರವರಿಯಲ್ಲಿ ನಾಗಸಾಕಿಯಲ್ಲಿ 26 ಕ್ರೈಸ್ತರನ್ನ ಶಿಲುಬೆಗೆ ಏರಿಸಿ ಕೊಂದರು. ಅವರಲ್ಲಿ ಹೆಚ್ಚಿನವರು ಜಪಾನೀಯರೇ. ಒಬ್ಬ ಮಾತ್ರ ಈಗಿನ ಮುಂಬೈ ಪಕ್ಕದ ವಸಾಯಿಯಲ್ಲಿ ಹುಟ್ಟಿದವನು, ಗೊನ್ಸಾಲೊ ಗಾರ್ಸಿಯಾ. ತಂದೆ ಪೋರ್ಚುಗೀಸ್, ತಾಯಿ ಭಾರತೀಯಳು. 1639ರಲ್ಲಿ ಪೋರ್ಚುಗೀಸ್ ಹಡಗುಗಳಿಗೆ ಪೂರ್ತಿ ನಿಷೇಧ ಬಂತು. ಮರುವರ್ಷ ಮಕಾವ್‌ನಿಂದ ಸಂಧಾನಕ್ಕೆ ಬಂದ ನಿಯೋಗದ 61 ಜನರ ತಲೆ ಕಡಿದರು.

ಜನರನ್ನ ಓಡಿಸಿದರು, ಕೊಂದರು. ಅವರ ಅಡುಗೆಯನ್ನ ಮಾತ್ರ ಇಟ್ಟುಕೊಂಡರು, ಅದೂ ಬೈಗುಳದ ಹೆಸರಲ್ಲೇ.

ಭಾಗ 4/8: ಮಾಂಸಕ್ಕೆ ಬಾಗಿಲು ತೆರೆದಾಗ

ಕ್ರಿ.ಶ. 675ರಲ್ಲಿ ಚಕ್ರವರ್ತಿ ತೆನ್ಮು ಒಂದು ಆಜ್ಞೆ ಹೊರಡಿಸಿದ. ವರ್ಷದ ಕೆಲವು ತಿಂಗಳು ಹಸು, ಕುದುರೆ, ನಾಯಿ, ಮಂಗ, ಕೋಳಿ ತಿನ್ನಬಾರದು. ಬೌದ್ಧ ಧರ್ಮದ ಪ್ರಭಾವದಿಂದ ಇಂಥ ನಿರ್ಬಂಧಗಳು ಮುಂದೆ ಶತಮಾನಗಳ ಕಾಲ ಬೇರೆ ಬೇರೆ ರೂಪದಲ್ಲಿ ನಡೆದವು. ಕೋಳಿ, ಮೊಟ್ಟೆ ಕ್ರಮೇಣ ಒಳಗೆ ಬಂದವು. 1785ರಲ್ಲಿ ಬಂದ ಒಂದು ಪಾಕಪುಸ್ತಕದಲ್ಲಿ ಮೊಟ್ಟೆಯದೇ ಸುಮಾರು ನೂರು ಬಗೆಯ ಅಡುಗೆಗಳಿವೆ.

1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದು ಜಪಾನಿನ ಬಾಗಿಲು ಬಡಿದವು. ಆಮೇಲೆ ಬಂದ ಮೇಜಿ ಸರ್ಕಾರಕ್ಕೆ ಒಂದೇ ಆತಂಕ: ನಾವು ಪಶ್ಚಿಮದವರಷ್ಟು ಬಲವಾಗದಿದ್ದರೆ ಚೀನಾ, ಭಾರತದ ಗತಿ ನಮಗೂ ಬರುತ್ತೆ. ಬಟ್ಟೆ, ಕೂದಲು, ರೈಲು, ಸೈನ್ಯ ಎಲ್ಲ ಬದಲಾಯ್ತು, ಊಟವೂ ಬದಲಾಯ್ತು. 1872ರ ಜನವರಿಯಲ್ಲಿ ಚಕ್ರವರ್ತಿ ಗೋಮಾಂಸ ತಿಂದಿದ್ದು ಸುದ್ದಿಯಾಗಿ ಪ್ರಕಟವಾಯ್ತು. ಬೈಗುಳ ತಿಂದವರೇ ಈಗ ಮಾದರಿಯಾದರು.

ಆದರೆ ಜನಕ್ಕೆ ಬೇಕಾಗಿದ್ದು ಅನ್ನದ ಜೊತೆ ತಿನ್ನೋ ಊಟ. ಫೋರ್ಕ್-ನೈಫ್ ಇಲ್ಲದೆ, ಚಾಪ್‌ಸ್ಟಿಕ್‌ನಲ್ಲಿ ಎತ್ಕೊಳ್ಳೋ ಹಾಗಿರಬೇಕು. ಹೀಗೆ ಪಶ್ಚಿಮದ ಅಡುಗೆಯನ್ನ ಅನ್ನಕ್ಕೆ ಹೊಂದಿಸಿಕೊಂಡ ಒಂದು ಶೈಲಿ ಬೆಳೀತು. ಅದಕ್ಕೆ "ಯೋಶೊಕು" ಅಂತಾರೆ, ಅಂದರೆ ಪಶ್ಚಿಮದ ಊಟ. 1895ರಲ್ಲಿ ಟೋಕಿಯೊದ ಗಿಂಝಾದಲ್ಲಿ ಶುರುವಾದ "ರೆಂಗಾತೇ" ಹೋಟೆಲ್ ಇದರ ತವರುಮನೆಗಳಲ್ಲಿ ಒಂದು, ಈಗಲೂ ನಡೀತಿದೆ. ಮಾಂಸವನ್ನ ಬೆಣ್ಣೆಯಲ್ಲಿ ಬಾಡಿಸೋ ಬದಲು, ಬ್ರೆಡ್ ಪುಡಿಯಲ್ಲಿ ಹೊರಳಿಸಿ ತುಂಬ ಎಣ್ಣೆಯಲ್ಲಿ ಕರಿಯೋದು ಇಂಥ ಅಡುಗೆಮನೆಗಳಲ್ಲಿ ರೂಢಿಯಾಯ್ತು.

ಹಂದಿಮಾಂಸದ ಕಟ್ಲೆಟ್‌ಗೆ ಕಪ್ಪು ಬಣ್ಣದ ವೂಸ್ಟರ್ ಜಾತಿಯ ಸಾಸ್ ಜೊತೆಯಾಯ್ತು. ಸಿಗಡಿ ಫ್ರೈ, ಸಿಂಪಿ ಫ್ರೈಗಳಿಗೆ ಟಾರ್ಟರ್ ಸಾಸ್ ಗಂಟುಬಿತ್ತು. ಸಿಗಡಿಗೆ ರುಚಿ ನಯ, ಕಪ್ಪು ಸಾಸ್ ಹಾಕಿದರೆ ಮುಳುಗಿಹೋಗುತ್ತೆ. ಮೊಟ್ಟೆಯ ಸಾಸ್ ಹುಳಿಯಿಂದ ಎಣ್ಣೆಯ ಜಿಡ್ಡನ್ನ ಕತ್ತರಿಸುತ್ತೆ, ರುಚಿಯನ್ನ ಮುಚ್ಚಲ್ಲ.

ಭಾಗ 5/8: ಗೊಂಬೆ ಚಿತ್ರದ ಬಾಟ್ಲಿ

ಹೋಟೆಲ್ ಸಾಸ್ ಮನೆಗೆ ಬರಬೇಕಾದರೆ ಮೇಯೊನೇಸ್ ಅಂಗಡಿಯಲ್ಲಿ ಸಿಗಬೇಕು. ಆ ಕೆಲಸ ಮಾಡಿದವರು ತೊಯಿಚಿರೊ ನಕಾಶಿಮ. ಸರ್ಕಾರದ ತರಬೇತಿ ಯೋಜನೆಯಲ್ಲಿ ಡಬ್ಬಿ ಆಹಾರದ ಉದ್ಯಮ ಕಲಿಯೋಕೆ ವಿದೇಶಕ್ಕೆ ಹೋದವರು ಅಮೆರಿಕದಲ್ಲಿ ಮೇಯೊನೇಸ್ ರುಚಿ ನೋಡಿದರು. 1919ರಲ್ಲಿ ಕಂಪನಿ ಶುರುವಾಯ್ತು, 1925ರ ಮಾರ್ಚ್‌ನಲ್ಲಿ "ಕ್ಯೂಪಿ" ಹೆಸರಲ್ಲಿ ಮೇಯೊನೇಸ್ ಮಾರುಕಟ್ಟೆಗೆ ಬಂತು. ಬಾಟ್ಲಿ ಮೇಲಿನ ಗುಂಡು ಹೊಟ್ಟೆಯ ಮಗು ಜಪಾನಿನದ್ದೇ ಅಂದ್ಕೊಂಡಿದ್ದೀರಾ? ಅಲ್ಲ. ಅಮೆರಿಕದ ಚಿತ್ರಗಾರ್ತಿ ರೋಸ್ ಓನೀಲ್ 1909ರಲ್ಲಿ ಒಂದು ಮಹಿಳಾ ಪತ್ರಿಕೆಗೆ ಬರೆದ ಪಾತ್ರ ಅದು.

ಸಮಯ ಗಮನಿಸಿ. 1923ರ ಮಹಾಭೂಕಂಪದಲ್ಲಿ ಟೋಕಿಯೊ ನಾಶವಾಗಿತ್ತು. ಮತ್ತೆ ಕಟ್ಟಿದ ನಗರದಲ್ಲಿ ಉಡುಪು, ಊಟ ಎರಡೂ ಬೇಗ ಬೇಗ ಪಶ್ಚಿಮದ ಕಡೆ ವಾಲಿದವು. ಮಾರುಕಟ್ಟೆ ಸಿದ್ಧವಾಗೋವರೆಗೆ ಕಾದು ಸರಕು ಇಳಿಸೋದು ಅಂದರೆ ಇದೇ. ನಮ್ಮ ಮಾರ್ಕೆಟಿಂಗ್ ಪೇಪರ್‌ಗೆ ಉದಾಹರಣೆ ಬೇಕಾದರೆ ಬರ್ಕೊಳ್ಳಿ.

ಅಮೆರಿಕದ ಮೇಯೊನೇಸ್‌ಗೆ ಇಡೀ ಮೊಟ್ಟೆ ಬಳಸೋದು ಸಾಮಾನ್ಯ. ಕ್ಯೂಪಿ ಬರೀ ಹಳದಿ ಭಾಗ ಬಳಸಿತು. ಅದಕ್ಕೇ ಬಣ್ಣ ಹಳದಿ, ರುಚಿ ಗಾಢ. ಯುದ್ಧದ ಕಾಲದಲ್ಲಿ, 1943ರಲ್ಲಿ, ಒಳ್ಳೆ ಕಚ್ಚಾ ಪದಾರ್ಥ ಸಿಗದೆ ತಯಾರಿ ನಿಲ್ಲಿಸಿದರು. 1948ರಲ್ಲಿ ಮತ್ತೆ ಶುರು ಮಾಡಿದರು. 1958ರಲ್ಲಿ ಗಾಜಿನ ಬಾಟ್ಲಿ ಜೊತೆಗೆ ಹಿಂಡೋ ಪ್ಲಾಸ್ಟಿಕ್ ಬಾಟ್ಲಿ ಬಂತು. ಮೇಯೊನೇಸ್ ಪ್ರತಿಯೊಬ್ಬರ ಫ್ರಿಡ್ಜ್ ಬಾಗಿಲಿಗೆ ಬಂತು.

ಜೊತೆಗೆ ಮೊಟ್ಟೆ ಅಗ್ಗವಾಯ್ತು. ಯುದ್ಧದ ನಂತರ ದೊಡ್ಡ ಕೋಳಿಫಾರಂಗಳು ಬಂದವು. ಉಳಿದೆಲ್ಲದರ ಬೆಲೆ ಏರಿದರೂ ದಶಕಗಳ ಕಾಲ ಮೊಟ್ಟೆ ಬೆಲೆ ಅಷ್ಟಾಗಿ ಏರಲಿಲ್ಲ. ಜಪಾನೀಯರು ಮೊಟ್ಟೆಯನ್ನ "ಬೆಲೆಗಳ ತರಗತಿಯ ಜಾಣ ವಿದ್ಯಾರ್ಥಿ" ಅಂತ ಕರೀತಾರೆ. ಈಗ ಅಲ್ಲಿ ಒಬ್ಬೊಬ್ಬರು ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ತಿಂತಾರೆ. ಒಂದು ಸಾಸ್‌ಗೆ ಎರಡು ಇಡೀ ಮೊಟ್ಟೆ ಹಾಕೋ ಧೈರ್ಯ ಬರೋದು ಹೀಗೆ.

1961ರಲ್ಲಿ ಸಿಗಡಿ ಆಮದಿನ ಮೇಲಿದ್ದ ನಿರ್ಬಂಧವನ್ನೂ ಜಪಾನ್ ತೆಗೀತು. ಆಮೇಲಿನ ವರ್ಷಗಳಲ್ಲಿ ಅಲ್ಲಿಗೆ ಹೋದ ಸಿಗಡಿಯಲ್ಲಿ ದೊಡ್ಡ ಪಾಲು ಭಾರತದ್ದು. ಟಾರ್ಟರ್ ಸಾಸ್ ಕೆಳಗೆ ಮಲಗಿದ್ದ ಎಷ್ಟೋ ಸಿಗಡಿಗಳು ನಮ್ಮ ಸಮುದ್ರದವು!

ಭಾಗ 6/8: ನೊಬೆಯೊಕಾದ ಕೆಲಸಗಾರರ ಊಟ

ಈಗ ಎರಡು ಬೈಗುಳಗಳು ಭೇಟಿಯಾಗೋ ಜಾಗಕ್ಕೆ ಬಂದ್ವಿ. ಮಿಯಾಝಾಕಿ ಪ್ರಾಂತ್ಯದ ನೊಬೆಯೊಕಾ ಒಂದು ಕಾರ್ಖಾನೆ ಊರು. 1950ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ "ಲಂಡನ್" ಅನ್ನೋ ಹೆಸರಿನ ಯೋಶೊಕು ಹೋಟೆಲ್ ಇತ್ತು. ಅಲ್ಲಿ ಕೆಲಸದವರು ತಮಗೋಸ್ಕರ ಮಾಡ್ಕೊಳ್ತಿದ್ದ ಊಟ: ಕೋಳಿಯನ್ನ ಕರಿದು ಸಿಹಿ-ಹುಳಿ ವಿನೆಗರ್‌ನಲ್ಲಿ ಅದ್ದೋದು. ಮೀನಿನ ನಂಬನ್‌ಝುಕೆ ಹೇಗೋ ಹಾಗೇ, ಮೀನಿನ ಜಾಗದಲ್ಲಿ ಕೋಳಿ. ಅದು ಮೆನುವಿನಲ್ಲಿ ಇರಲಿಲ್ಲ. ಗಿರಾಕಿಗಳೆಲ್ಲ ಹೋದಮೇಲೆ ಹಿಂದಿನ ಕೋಣೆಯಲ್ಲಿ ತಿನ್ನೋ ಊಟ.

ಅಲ್ಲಿ ಕೆಲಸ ಕಲಿತವರಲ್ಲಿ ಇಬ್ಬರು ಆಮೇಲೆ ತಮ್ಮ ತಮ್ಮ ಹೋಟೆಲ್ ಇಟ್ಟರು. ನೊಬೆಯೊಕಾದ "ನಾವೊಚಾನ್" ಕೋಳಿಯನ್ನ ಬರೀ ವಿನೆಗರ್‌ನಲ್ಲಿ ಅದ್ದಿ ಕೊಡುತ್ತೆ, ಸಾಸ್ ಹಾಕಲ್ಲ. 1956ರಲ್ಲಿ ಮಿಯಾಝಾಕಿ ನಗರದಲ್ಲಿ ಶುರುವಾದ "ಒಗುರಾ" 1960ರ ದಶಕದಲ್ಲಿ ಅದರ ಮೇಲೆ ಟಾರ್ಟರ್ ಸಾಸ್ ಸುರೀತು. ಇವತ್ತಿಗೂ ಯಾವುದು ಸರಿ ಅಂತ ಎರಡೂ ಕಡೆಗೆ ಅಭಿಮಾನಿಗಳಿದ್ದಾರೆ.

ಲೆಕ್ಕ ಹಾಕಿ ನೋಡಿದರೆ ಒಗುರಾದ ಬುದ್ಧಿ ಅರ್ಥವಾಗುತ್ತೆ. ಕೋಳಿಯ ಎದೆಮಾಂಸ ಕಾಲಿನ ಮಾಂಸಕ್ಕಿಂತ ಅಗ್ಗ, ಆದರೆ ಕರಿದರೆ ಒಣಗಿ ನಾರಾಗುತ್ತೆ. ಅದಕ್ಕೆ ಮೊದಲು ಹಿಟ್ಟು, ಆಮೇಲೆ ಮೊಟ್ಟೆಯ ಹೊದಿಕೆ ಕೊಟ್ಟು ಕರಿದರು. ಆ ಮೆತ್ತನೆ ಹೊದಿಕೆ ವಿನೆಗರ್‌ನ ಹೀರ್ಕೊಳ್ಳುತ್ತೆ. ಮೇಲಿನ ಸಾಸ್ ಮಾಂಸದಲ್ಲಿ ಇಲ್ಲದ ಜಿಡ್ಡನ್ನ ತುಂಬುತ್ತೆ. ಅಗ್ಗದ ಮಾಂಸ, ಅಗ್ಗದ ಮೊಟ್ಟೆ, ಬಾಟ್ಲಿ ಮೇಯೊನೇಸ್, ಹೊಟ್ಟೆ ತುಂಬಾ ಅನ್ನ. ಕಾಸ್ಟಿಂಗ್ ಪ್ರಕಾರ ಇದು ಸಂಬಳದ ಜನರ ಊಟ, ರುಚಿಯಲ್ಲಿ ಹಬ್ಬದ ಊಟ. ಮಿಯಾಝಾಕಿ ಮಾಂಸದ ಕೋಳಿ ಸಾಕಣೆಯಲ್ಲಿ ಜಪಾನಿನ ಮುಂಚೂಣಿ ಪ್ರಾಂತ್ಯಗಳಲ್ಲಿ ಒಂದು ಅನ್ನೋದನ್ನೂ ಇಲ್ಲೇ ಸೇರಿಸ್ಕೊಳ್ಳಿ.

ಭಾಗ 7/8: ಮನೆಯಲ್ಲಿ ಮಾಡೋದು ಹೇಗೆ?

ಎರಡು-ಮೂರು ಜನಕ್ಕೆ ಇಷ್ಟು ಬೇಕು: 2 ಮೊಟ್ಟೆ, ಅರ್ಧ ಸಣ್ಣ ಈರುಳ್ಳಿ, 4 ದೊಡ್ಡ ಚಮಚ ಮೇಯೊನೇಸ್, 1 ಟೀ ಚಮಚ ವಿನೆಗರ್, ಅರ್ಧ ಟೀ ಚಮಚ ಸಕ್ಕರೆ, ಹುಳಿ ಹಾಕಿದ ತರಕಾರಿ 2 ದೊಡ್ಡ ಚಮಚ, ಉಪ್ಪು, ಕಾಳುಮೆಣಸಿನ ಪುಡಿ.

ಮೊಟ್ಟೆ: ನೀರು ಕುದಿ ಬಂದಮೇಲೆ ಮೊಟ್ಟೆ ಬಿಟ್ಟು 11 ನಿಮಿಷ ಬೇಯಿಸಿ, ತಕ್ಷಣ ತಣ್ಣೀರಿಗೆ ಹಾಕಿ. ಬಿಳಿಯನ್ನ ಸಣ್ಣಗೆ ಹೆಚ್ಚಿ, ಹಳದಿಯನ್ನ ಕೈಯಲ್ಲೇ ಪುಡಿ ಮಾಡಿ. ಮಿಕ್ಸಿಗೆ ಹಾಕಬೇಡಿ, ಚೂರುಗಳು ಹಲ್ಲಿಗೆ ಸಿಗಬೇಕು.

ಈರುಳ್ಳಿ: ಆದಷ್ಟು ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಡಿ, ಆಮೇಲೆ ತೊಳೆದು ಬಟ್ಟೆಯಲ್ಲಿ ಗಟ್ಟಿಯಾಗಿ ಹಿಂಡಿ. ಇದನ್ನ ಬಿಟ್ಟರೆ ಸಾಸ್ ನೀರಾಗುತ್ತೆ, ಘಾಟೂ ಇರುತ್ತೆ.

ಹುಳಿ ತರಕಾರಿ: ಜಪಾನಲ್ಲಿ ಫ್ರೆಂಚ್ ಶೈಲಿಯ ಸೌತೆಕಾಯಿ ಸಿಗದ ಮನೆಗಳಲ್ಲಿ ಅವರದೇ "ರಕ್ಯೊ" ಹಾಕ್ತಾರೆ. ಅದು ಸಿಹಿ ವಿನೆಗರ್‌ನಲ್ಲಿ ನೆನೆಸಿದ ಸಣ್ಣ ಈರುಳ್ಳಿ ಜಾತಿಯ ಗೆಡ್ಡೆ. ನಮಗೆ ಅದಕ್ಕೆ ತುಂಬ ಹತ್ತಿರ ಅಂದರೆ ಸಾಂಬಾರ್ ಈರುಳ್ಳಿ. ಸಿಪ್ಪೆ ಸುಲಿದು, ವಿನೆಗರ್, ಸಕ್ಕರೆ, ಉಪ್ಪಲ್ಲಿ ಹಿಂದಿನ ದಿನವೇ ನೆನೆಸಿ ಫ್ರಿಡ್ಜ್‌ನಲ್ಲಿಟ್ಟರೆ ಸಾಕು. ನಮ್ಮ ಎಣ್ಣೆ-ಖಾರದ ಮಾವಿನ ಉಪ್ಪಿನಕಾಯಿ ಮಾತ್ರ ಹಾಕಬೇಡಿ, ಮೊಟ್ಟೆ ರುಚಿ ಕಾಣದ ಹಾಗೆ ಮಾಡುತ್ತೆ.

ಮೇಯೊನೇಸ್: ಪ್ಯಾಕೆಟ್‌ನದ್ದೇ ಬಳಸಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಅಪಾಯ ಇದೆ. ಇದೇ ಕಾರಣಕ್ಕೆ ಹಸಿ ಮೊಟ್ಟೆಯ ಮೇಯೊನೇಸ್‌ನ ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದು ವರ್ಷದ ಮಟ್ಟಿಗೆ ನಿಷೇಧಿಸಿದವು. ಕ್ಯೂಪಿ ರುಚಿ ಹತ್ತಿರ ಬರಬೇಕಾದರೆ ಒಂದು ಚಿಟಿಕೆ ಅಜಿನೊಮೊಟೊ ಸೇರಿಸಿ. ಆ ರುಚಿಯನ್ನ 1908ರಲ್ಲಿ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದ್ದೂ ಜಪಾನಿನ ಕಿಕುನೆ ಇಕೆಡಾ.

ಎಲ್ಲವನ್ನೂ ಸೇರಿಸಿ ಕಲಸಿ, ಅರ್ಧ ಗಂಟೆ ಫ್ರಿಡ್ಜ್‌ನಲ್ಲಿಡಿ. ಮೇಲೆ ಸ್ವಲ್ಪ ಕೊತ್ತಂಬರಿ ಹಾಕಬಹುದು. ಎರಡು ದಿನದೊಳಗೆ ಖಾಲಿ ಮಾಡಿ. ಕೋಳಿ, ಸಿಗಡಿ, ಮೀನು, ಆಲೂಗಡ್ಡೆ, ಹೂಕೋಸಿನ ಫ್ರೈ ಯಾವುದಕ್ಕಾದರೂ ಹೊಂದುತ್ತೆ. ಮೊಟ್ಟೆ ತಿನ್ನದವರು ಮೊಟ್ಟೆ ಇಲ್ಲದ ಮೇಯೊನೇಸ್ ತಗೊಂಡು, ಬೇಯಿಸಿದ ಮೊಟ್ಟೆಯ ಬದಲು ಪುಡಿ ಮಾಡಿದ ಗಟ್ಟಿ ತೋಫು ಅಥವಾ ಪನೀರ್ ಹಾಕಿ.

ಭಾಗ 8/8: ಹಾಗಾದ್ರೆ ಒರಿಜಿನಲ್ ಯಾವುದು?

ಊಟದ ಪೋಸ್ಟ್ ಹಾಕಿದರೆ ಸಾಕು, "ಇದು ಒರಿಜಿನಲ್ ಅಲ್ಲ" ಅಂತ ಯಾರಾದರೂ ಬಂದೇ ಬರ್ತಾರೆ. ಅವರಿಗೆ ಎರಡನೇ ಭಾಗ ತೋರಿಸಿ. ಟಾರ್ಟರ್ ಸಾಸ್‌ಗೆ ಬೇಯಿಸಿದ ಮೊಟ್ಟೆ ಹಾಕೋದು ಜಪಾನಿನ ಕಲಬೆರಕೆ ಅಂತ ಅನಿಸಬಹುದು. ಆದರೆ ಎಸ್ಕೋಫಿಯೆ ಪುಸ್ತಕದಲ್ಲೂ ಬೇಯಿಸಿದ ಮೊಟ್ಟೆಯೇ ಇತ್ತು. ನಾವು "ಅಸಲಿ" ಅಂದ್ಕೊಂಡಿರೋ ಬಿಳಿ ಸಾಸ್‌ನಲ್ಲೇ ಅದು ಕಳೆದುಹೋಗಿದೆ. ಇನ್ನು ಎಸ್ಕೋಫಿಯೆಯ ಸಾಸ್ ಅಸಲಿ ಅಂತೀರಾ? ಅದನ್ನ ಒಬ್ಬ ತಾತಾರನ ಮುಂದೆ ಇಟ್ಟಿದ್ದರೆ ಇದೇನಪ್ಪ ಅಂತ ಕೇಳ್ತಿದ್ದ.

ಹೊರಗಿನವರ ಹೆಸರನ್ನ ಊಟಕ್ಕೆ ಇಡೋದರಲ್ಲಿ ನಾವೇನು ಹಿಂದೆ ಬಿದ್ದಿಲ್ಲ. ಪರಂಗಿ ಹಣ್ಣು ಅನ್ನೋದರಲ್ಲಿ "ಪರಂಗಿ" ಅಂದರೆ ಯುರೋಪಿನವನು. ಸೀಮೆ ಬದನೆಕಾಯಿಯಲ್ಲಿ "ಸೀಮೆ" ಅಂದರೆ ಬೇರೆ ನಾಡು. ಬೆಳಗ್ಗೆ ಪರಂಗಿ ಹಣ್ಣು ತಿಂದು, ಮಧ್ಯಾಹ್ನ ಸೀಮೆ ಬದನೆಕಾಯಿ ಸಾರು ಉಂಡವನನ್ನ ಯಾರೂ ಪರದೇಶಿ ಅನ್ನಲ್ಲ. ಆ ಎರಡೂ ಈಗ ನಮ್ಮವು, ಹೆಸರಲ್ಲಿ ಮಾತ್ರ ಹಳೇ ಅನುಮಾನ ಉಳಿದಿದೆ.

ಊಟವನ್ನ ಒಳಗೆ ಬಿಟ್ಕೊಳ್ಳೋದು ಸುಲಭ, ಅದನ್ನ ತಂದ ಜನರನ್ನ ಒಳಗೆ ಬಿಟ್ಕೊಳ್ಳೋದು ಕಷ್ಟ. ನಾಗಸಾಕಿಯಲ್ಲಿ ಆಗಿದ್ದು ಅದೇ. ವಸಾಯಿಯ ತಾಯಿಯ ಮಗನನ್ನ ಕೊಂದ ಊರು ಇರೋ ದ್ವೀಪದಲ್ಲೇ ಇವತ್ತು "ನಂಬನ್" ಅಂದರೆ ಅಮ್ಮ ಮಾಡೋ ಕೋಳಿ, ಶಾಲೆಯ ಊಟದ ಡಬ್ಬಿ, ಭಾನುವಾರದ ಖುಷಿ. ಆ ಪದದ ವಿಷ ಇಳಿಯೋಕೆ ಸುಮಾರು 350 ವರ್ಷ ಬೇಕಾಯ್ತು. ಇಳಿಸಿದ್ದು ರಾಜರಲ್ಲ, ಗಿರಾಕಿಗಳು ಹೋದಮೇಲೆ ಹಿಂದಿನ ಕೋಣೆಯಲ್ಲಿ ತಮಗೋಸ್ಕರ ಅಡುಗೆ ಮಾಡ್ಕೊಂಡ ಹೋಟೆಲ್ ಹುಡುಗರು.

ಮುಂದಿನ ಸಲ ಯಾರಾದರೂ ಒಬ್ಬರ ಟಿಫಿನ್ ಡಬ್ಬಿ ನೋಡಿ ಮೂಗು ಮುರಿದರೆ ಈ ಸರಣಿ ಕಳಿಸಿ. ಸಾಸ್ ಮಾಡಿ ನೋಡಿದವರು ಟ್ಯಾಗ್ ಮಾಡಿ. ಪರಂಗಿ, ಸೀಮೆ ಥರ ಹೊರಗಿನವರ ಹೆಸರಿರೋ ಇನ್ನೇನೇನು ನಿಮ್ಮ ಮನೆಯಲ್ಲಿದೆ ಅಂತ ಅಜ್ಜಿಯನ್ನ ಕೇಳಿ ಕಾಮೆಂಟಲ್ಲಿ ಬರೀರಿ. ಸಾಕಷ್ಟು ಸಿಕ್ಕರೆ ಮುಂದಿನ ಸರಣಿ ಅದರದ್ದೇ.

#ಊಟದ_ಇತಿಹಾಸ #ಟಾರ್ಟರ್_ಸಾಸ್ #ಚಿಕನ್_ನಂಬನ್ #ಕನ್ನಡದಲ್ಲಿ_ಇತಿಹಾಸ